ಮಡಿ ತಂತಿಯ ಮೊಳೆ

ಮೊನ್ನೆ ವೈರಿಂಗ್ ಬದಲಾಯಿಸಲು ಬಂದಾತ ಅಡಿಗೆಮನೆಯ ಗೋಡೆಯಿಂದ ಹಳೆಯ ಮರದ ಪಟ್ಟಿಯನ್ನು ಕಿತ್ತ. ಆಗೊಂದು ವಾಸನೆ ಬಂತು ನೋಡಿ: ಹುಡಿಯಾದ ರಬ್ಬರು, ಗೆದ್ದಲು ಮಣ್ಣು, ಎಷ್ಟೋ ವರ್ಷಗಳ ಒಗ್ಗರಣೆಯ ಹೊಗೆ. ಪಟ್ಟಿಯ ಮೇಲ್ತುದಿಯಲ್ಲಿ ಒಂದು ತೂತು. ಆ ತೂತಿಗೂ ನನಗೂ ಹಳೆಯ ಪರಿಚಯ.

ಮೂವತ್ತರ ದಶಕದಲ್ಲಿ ಮಂಡ್ಯದ ಈ ಮನೆಗೆ ಸೊಸೆಯಾಗಿ ಬಂದಾಗಲೇ ಇಲ್ಲಿ ಕರೆಂಟು ಇತ್ತು. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಕರವಸ್ತ್ರಕ್ಕೆ ಕಸೂತಿ ಹಾಕುವುದು, ಪಿಯಾನೋ ಮೇಲೆ ಅರ್ಧ ಹಾಡು, ಆರೋಗ್ಯಶಾಸ್ತ್ರದ ಎರಡು ಪಾಠ, ಇಷ್ಟು ಬಂಡವಾಳ ಹಿಡಿದು ಅತ್ತೆಯ ಮನೆಯನ್ನು ಸುಧಾರಿಸಲು ಹೊರಟೆ. ಮೊದಲು ಕಣ್ಣಿಗೆ ಬಿದ್ದದ್ದು ಅಡಿಗೆಮನೆಯ ಮಡಿಬಟ್ಟೆಯ ಗಳ. ಒದ್ದೆ ಸೀರೆಯನ್ನು ಯಾರೂ ಮುಟ್ಟದ ಹಾಗೆ ಮೇಲೆ ಒಣಹಾಕುವ ಬಿದಿರು ಅದು. ಹುಳು ಕೊರೆದು ಅನ್ನದ ಮೇಲೆಲ್ಲ ಹಿಟ್ಟು ಉದುರಿಸುತ್ತಿತ್ತು. ಅದನ್ನು ಇಳಿಸಿ ಕಬ್ಬಿಣದ ತಂತಿ ಕಟ್ಟಿದೆ. ಗಾರೆ ಗೋಡೆಗೆ ಹೊಡೆದ ಮೊಳೆಗಳೆಲ್ಲ ಸೊಟ್ಟಗಾದವು. ಪಕ್ಕದಲ್ಲೇ ಇದ್ದ ಮರದ ಪಟ್ಟಿ ಮಾತ್ರ ಮೊಳೆಯನ್ನು ಬೆಣ್ಣೆಯ ಹಾಗೆ ಒಳಗೆ ಬಿಟ್ಟುಕೊಂಡಿತು. ಅದರೊಳಗೆ ಕರೆಂಟಿನ ತಂತಿ ಇರುವುದು ತಿಳಿದಿರಲಿಲ್ಲವೇ ಎಂದು ಕೇಳಬೇಡಿ. ತಿಳಿದಿತ್ತು. ಕರೆಂಟು ಬಲ್ಬಿನಲ್ಲಿ ವಾಸ ಮಾಡುತ್ತದೆ, ಕರೆದಾಗ ಮಾತ್ರ ಬರುತ್ತದೆ ಎಂದುಕೊಂಡಿದ್ದೆ.

ನಮ್ಮತ್ತೆ ಕುಳ್ಳಗೆ, ನನ್ನ ಭುಜದಷ್ಟು. ಮಿಂದು ಬಂದು ಕೋಲಿನಿಂದ ಸೀರೆಯನ್ನು ತಂತಿಗೆ ಏರಿಸಿ, ಇಳಿಬಿದ್ದ ಅಂಚನ್ನು ಕೈಯಲ್ಲಿ ಎಳೆದು ಸರಿಮಾಡುವುದು ಅವರ ಪದ್ಧತಿ. ಒಂದು ದಿನ ಕೈ ಒದರಿಕೊಂಡರು.

"ಏನೇ ಇದು, ಸೀರೆ ಹಿಡಿದ್ರೆ ಮೊಣಕೈವರೆಗೂ ಜುಮ್ ಅನ್ನತ್ತೆ?"

"ವಾತ ಅತ್ತೆ. ವಯಸ್ಸಾಯ್ತಲ್ಲ" ಎಂದೆ. ವೈದ್ಯೆಯ ಗಾಂಭೀರ್ಯದಿಂದ ಹರಳೆಣ್ಣೆ ಬಿಸಿಮಾಡಿ ಎಂಟು ದಿನ ಕೈ ತಿಕ್ಕಿದೆ. ಈ ನಡುವೆ ಮೊಳೆ ಕೊಂಚ ಅಲುಗುತ್ತಿತ್ತು. ನಾಳೆ ಇನ್ನೊಂದು ಏಟು ಹಾಕಬೇಕೆಂದು ಸುತ್ತಿಗೆಯನ್ನೂ ತೆಗೆದಿಟ್ಟೆ.

ಆ ನಾಳೆಯ ಬೆಳಿಗ್ಗೆಯೇ, ಯಜಮಾನರು ಕಚೇರಿಗೆ ಹೊರಡುವ ಮುಂಚೆ, ಕರೆಂಟಿನವರು ಬಂದರು. ಹಳೆಯ ವೈರಿಂಗ್ ಇದ್ದ ಮನೆಗಳನ್ನೆಲ್ಲ ತಪಾಸಣೆ ಮಾಡುತ್ತಿದ್ದರಂತೆ. ಬಂದವರು ಹೊಳಲು ಕಡೆಯ ಚಿಕ್ಕೇಗೌಡರು. ಮೇನ್ ಆರಿಸಿ, ಕರೆಂಟಿನ ಸೋರಿಕೆ ಅಳೆಯುವ, ಹಿಡಿ ತಿರುಗಿಸುವ ಒಂದು ಪೆಟ್ಟಿಗೆಯನ್ನು ತಂತಿಗೆ ಸೇರಿಸಿ ತಿರುಗಿಸಿದರು. ಅದರ ಮುಳ್ಳು ನೆಲಕಚ್ಚಿತು.

"ಎಲ್ಲೋ ಸೋರ್ತಾ ಅದೆ ಕಣಮ್ಮ. ಅಡ್ಗೆಮನೆ ನೋಡ್ಬೇಕು, ಒಳೀಕೆ ಬುಡಿ."

"ಒಳಗೆ ಮಡಿ" ಎಂದು ಬಾಗಿಲಿಗೆ ಅಡ್ಡ ನಿಂತವಳು ಯಾರು ಗೊತ್ತೆ? ಕಾನ್ವೆಂಟಿನ ನಾನು! ಸಂಪ್ರದಾಯಸ್ಥ ಸೊಸೆ ಎನಿಸಿಕೊಳ್ಳಲು ಒಳ್ಳೆಯ ಸಮಯ ಆರಿಸಿಕೊಂಡಿದ್ದೆ.

ಒಳಗಿನಿಂದ ಅತ್ತೆಯೇ ಕೂಗಿದರು. "ಬಾರಪ್ಪ ಒಳಗೆ. ಮಡಿಗೇನು, ಇನ್ನೆರಡು ತಂಬಿಗೆ ನೀರು ಹಾಕ್ಕೊಂಡ್ರೆ ಬಂತು."

ಗೌಡರು ಒಳಗೆ ಕಾಲಿಟ್ಟು ಒದ್ದೆ ಸೀರೆ ನೋಡಿದರು, ತಂತಿ ನೋಡಿದರು, ಮೊಳೆ ನೋಡಿದರು. ಪಟ್ಟಿಯ ಮುಚ್ಚಳ ಬಿಚ್ಚಿದಾಗ ಮೊಳೆಯ ತುದಿ ರಬ್ಬರನ್ನು ಸೀಳಿ, ತಾಮ್ರಕ್ಕೆ ಕೂದಲೆಳೆಯಷ್ಟು ದೂರದಲ್ಲಿ ನಿಂತಿತ್ತು.

"ಸೀರೆ ನೀರಿಗೆ ಮರ ನೆಂದಾಗೆಲ್ಲ ಕರೆಂಟು ಸೋರ್ತದೆ. ಇನ್ನೊಂದೇಟು ಬಿದ್ದಿದ್ರೆ ಅಜ್ಜಮ್ಮ ಸೀರೆ ಇಡ್ಕಂಡಂಗೇ ಓಗ್ಬುಡೋರು. ಯಾರಮ್ಮ ಈ ಮೊಳೆ ಒಡ್ದೋರು?"

ಸುತ್ತಿಗೆ ಒಲೆಯ ಪಕ್ಕದಲ್ಲೇ ಇತ್ತು. ಯಜಮಾನರು ಬಾಗಿಲಲ್ಲಿ ಬಂದು ನಿಂತರು.

"ನಾನೇ ಕಣಪ್ಪ" ಎಂದರು ಅತ್ತೆ. "ಮುದುಕಿ ಬುದ್ಧಿ."

"ಸರೋಯ್ತು ಬುಡಿ! ಯಮನ್ನ ನೀವೇ ಮೊಳೆ ಒಡ್ದು ಕಟ್ಟಾಕ್ಕೊಂಡಿದ್ರಿ!"

ಗೌಡರು ತಂತಿ ಬದಲಿಸಿ, ಅದೇ ಪಟ್ಟಿ ಮುಚ್ಚಿ ಹೋದರು. ಬಿದಿರು ಮತ್ತೆ ಮೇಲೇರಿತು. ಅಂದಿನಿಂದ ಇದು ನಮ್ಮ ಮನೆಯ ತಮಾಷೆ. ನೆಂಟರು ಬಂದಾಗಲೆಲ್ಲ ಯಜಮಾನರು 'ಅಮ್ಮನ ಮೊಳೆ'ಯ ಕಥೆ ಹೇಳುವರು, ಎಲ್ಲರೂ ನಗುವರು, ಎಲ್ಲರಿಗಿಂತ ಜೋರಾಗಿ ನಾನು. ಅತ್ತೆ ಬತ್ತಿ ಹೊಸೆಯುತ್ತ ಕುಳಿತಿರುತ್ತಿದ್ದರು. ಅವರು ತೀರಿಕೊಳ್ಳುವವರೆಗೂ ಆ ಮೊಳೆಯ ಬಗ್ಗೆ ಒಂದು ಮಾತು ಆಡಲಿಲ್ಲ. ನಾನೂ ಆಡಲಿಲ್ಲ.

ಮೊನ್ನೆ ವೈರಿಂಗಿನಾತ ತೂತಿನಲ್ಲಿ ಬೆರಳಿಟ್ಟು, "ಇದ್ಯಾವ ಪುಣ್ಯಾತ್ಮನ ಕೆಲ್ಸ ಸಾರ್?" ಎಂದ. ಯಜಮಾನರು ಕನ್ನಡಕ ಏರಿಸಿಕೊಂಡು, "ನಮ್ಮಮ್ಮ ಒಂದ್ಸಲ..." ಎಂದು ಶುರುಮಾಡಿದರು.

"ಅತ್ತೆ ಅಲ್ಲ, ನಾನು" ಎಂದೆ. ಆ ರಬ್ಬರಿನ ವಾಸನೆಯೇ ನನ್ನ ಬಾಯಿಂದ ಅದನ್ನು ಎಳೆದು ಹಾಕಿತೋ ಏನೋ.

ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಗೊತ್ತು ಕಣೆ. ಸೀರೆ ಹಾಕೋಕೇ ಕೋಲು ಬೇಕಾಗಿದ್ದೋಳು, ಅಷ್ಟೆತ್ತರಕ್ಕೆ ಮೊಳೆ ಹೊಡೀತಾಳಾ?"

"ಮತ್ತೆ ಇಷ್ಟು ವರ್ಷ ಹೇಳ್ಕೊಂಡು ನಗ್ತಿದ್ರಲ್ಲ?"

"ನೀನು ನಗೋದು ನೋಡಿ ನಗ್ತಿದ್ದೆ. ಅಮ್ಮನೂ ಅಷ್ಟೆ, ಬತ್ತಿಯ ಹತ್ತಿ ಬಾಯಿಗೆ ಅಡ್ಡ ಹಿಡ್ಕೊಂಡು."