ಸೋದರಮಾವನಿಲ್ಲದೆ ಚುಚ್ಚಿಸಿದ ಕಿವಿ

ನನ್ನ ತಮ್ಮನನ್ನು ನಾನು ಇನ್ನೂ ಕ್ಷಮಿಸಿಲ್ಲ. ಹೋಗಲಿ ಬಿಡು ಎಂದು ಸಾಸಲಿನಿಂದ ತೂಬಗೆರೆಯವರೆಗಿನ ನೆಂಟರೆಲ್ಲ ಹೇಳಿಯಾಯಿತು. ಹೇಳುವವರಿಗೇನು, ಆಸ್ಪತ್ರೆಯಲ್ಲಿ ಆ ಬಾಟಲಿಯ ಮುಂದೆ ಕೂತವಳು ನಾನು.

ಅಪ್ಪನಿಗೆ ಮೊದಲೇ ದಮ್ಮು. ಅದರ ಮೇಲೆ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ. ಒಂದು ಭಾಗ ತೆಗೆದರೆ ಉಳಿಯುವುದೂ ಸವೆದದ್ದೇ, ಆಪರೇಷನ್ನಿಗೆ ತಿಂಗಳ ಮುಂಚಿನಿಂದ ಬೀಡಿ ಮುಟ್ಟಲೇಬಾರದು ಎಂದು ಡಾಕ್ಟರು ಎಚ್ಚರಿಸಿದ್ದರು. ನಾನು ತವರಿಗೆ ಹೋಗಿ ಉಳಿದುಕೊಂಡು, ಬೆಂಕಿಪೊಟ್ಟಣಗಳನ್ನೆಲ್ಲ ಸೆರಗಿಗೆ ಕಟ್ಟಿಕೊಂಡು ಓಡಾಡಿದೆ.

ಆಪರೇಷನ್ ಆದಮೇಲೆ ಅಪ್ಪನ ಪಕ್ಕೆಯಿಂದ ಒಂದು ಪೈಪು ಮಂಚದ ಕೆಳಗಿನ ನೀರಿನ ಬಾಟಲಿಗೆ ಇಳಿದಿತ್ತು. ಕತ್ತರಿಸಿದ ಕಡೆ ಗಾಳಿ ಸೋರುತ್ತಿದೆ, ಗುಳ್ಳೆ ನಿಂತ ಮೇಲೆ ಪೈಪು ತೆಗೆಯುತ್ತೇವೆ ಎಂದರು. ಗುಳ್ಳೆ ನಿಲ್ಲಲಿಲ್ಲ. ಅಪ್ಪ ಕೆಮ್ಮಿದರೆ ಬಾಟಲಿ ಅನ್ನದ ಎಸರಿನ ಹಾಗೆ ಕುದಿಯುತ್ತಿತ್ತು. ಎರಡನೇ ವಾರ ಕಫ ಕಟ್ಟಿ, ನ್ಯುಮೋನಿಯಾ ಆಗಿ, ಐಸಿಯುಗೆ ಹೋದರು. ಆಗ ತಮ್ಮ ಬಾಯಿಬಿಟ್ಟ.

"ಅಕ್ಕಾ, ಆಸ್ಪತ್ರೆಗೆ ಸೇರೋ ಹಿಂದಿನ ದಿನದವರ್ಗೂ ಬೀಡಿ, ಬೆಂಕಿಪೊಟ್ಣ ತಂದ್ಕೊಟ್ಬಿಟ್ಟೆ. ಡೈರಿಗೆ ಹಾಲು ಹಾಕಿ ಬರೋವಾಗ ಖಾಲಿ ಕ್ಯಾನಲ್ಲಿ ಇಟ್ಕೊಂಡು ಬರ್ತಿದ್ದೆ. ಕೊನೇ ಆಸೆ ಏನೋ ಅಂತ..."

"ಬದುಕಿರೋರ್ಗೆ ಕೊನೇ ಆಸೆ ತೀರಿಸ್ತೀಯೇನೋ?"

ನಮ್ಮ ಕಡೆ ಹಾಗೇ. ದೊಡ್ಡ ಆಪರೇಷನ್ ಎಂದರೆ ಸಾಕು, ಕೇಳಿದ್ದು ಕೊಟ್ಟುಬಿಡಿ ಎನ್ನುತ್ತಾರೆ. ದಮ್ಮಿದ್ದವರಿಗೆ ಬೀಡಿ ಬಿಟ್ಟರೂ ಹೀಗಾಗುವುದುಂಟು, ಅದೊಂದರಿಂದಲೇ ಎನ್ನಲಾಗದು ಎಂದರು ಡಾಕ್ಟರು. ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ನನಗೊಬ್ಬ ಅಪರಾಧಿ ಬೇಕಿತ್ತು, ಅವನು ಎದುರಿಗೇ ನಿಂತಿದ್ದ.

ಅಪ್ಪ ಬದುಕಿದರು, ಆದರೆ ಆಕ್ಸಿಜನ್ ಮಷೀನಿನ ಜೊತೆ. ಅವರನ್ನು ತಮ್ಮನ ಜೊತೆ ಊರಿಗೆ ಕಳಿಸದೆ ದೊಡ್ಡಬಳ್ಳಾಪುರದ ನನ್ನ ಮನೆಗೇ ಕರೆತಂದೆ. ಅದು ಮೊದಲ ಸೇಡು. ಎರಡನೆಯದು ನನ್ನ ಮಗಳ ಕಿವಿ ಚುಚ್ಚಿಸಿದ ದಿನ. ಸೋದರಮಾವನ ತೊಡೆಯ ಮೇಲೆ ಕೂರಿಸಿ ಚುಚ್ಚಿಸುವುದು ಪದ್ಧತಿ. ನಾನು ತಮ್ಮನನ್ನು ಕರೆಯಲೇ ಇಲ್ಲ.

"ಅವನ್ನ ಕರಿ ಮಗಾ. ಬೀಡಿ ಕೇಳಿದ್ದು... ನಾನು," ಎಂದರು ಅಪ್ಪ, ನಡುವೆ ಉಸಿರು ಎಳೆದುಕೊಂಡು.

"ನಿಮ್ ತೊಡೇನೇ ಸಾಕು."

ಮಷೀನಿನ ಪೈಪು ಎಟುಕುವ ಕಡೆ ಕುರ್ಚಿ ಹಾಕಿದೆವು. ಆಕ್ಸಿಜನ್ ಹತ್ತಿರ ಬೆಂಕಿ ಕೂಡದೆಂದು ದೀಪವನ್ನೂ ಹಚ್ಚಲಿಲ್ಲ. ಅಕ್ಕಸಾಲಿ ಒಂದು ಕಿವಿ ಚುಚ್ಚಿದ. ಮಗು ಚೀರಿ ಒದ್ದಾಡಿತು. ಅದನ್ನು ಬಿಗಿಹಿಡಿಯಲು ಹೋದ ಅಪ್ಪನಿಗೆ ಕೆಮ್ಮು ಹತ್ತಿತು, ತುಟಿ ನೀಲಿಯಾಯಿತು, ಕೈ ಸಡಿಲವಾಯಿತು. ನಾನು ಮಗುವನ್ನು ಎಳೆದುಕೊಂಡು ಇನ್ನೊಂದು ಕಿವಿಯನ್ನು ನನ್ನ ತೊಡೆಯ ಮೇಲೇ ಚುಚ್ಚಿಸಿದೆ.

ಸುಧಾರಿಸಿಕೊಂಡ ಮೇಲೆ ಅಪ್ಪ ನನ್ನ ಕಡೆ ನೋಡಲಿಲ್ಲ. ಆದರೂ ನಾನು ತಮ್ಮನಿಗೆ ಕಿವಿ ಚುಚ್ಚಿಸಿದ ಫೋಟೊ ಕಳಿಸಿದೆ. ಕೂಡಲೇ ಫೋನ್ ಮಾಡಿದ.

"ಅಕ್ಕಾ, ನನ್ ತೊಡೆ ಇರ್ಲಿಲ್ವಾ?"

ಅಳುತ್ತಿದ್ದ. ಸುಳ್ಳೇಕೆ, ನನಗೆ ಹಿತವಾಯಿತು.

ಅಪ್ಪ ಕೈಚಾಚಿ ಫೋನು ಇಸಿದುಕೊಂಡರು. ಏನೋ ಹೇಳಲು ಬಾಯಿ ತೆರೆದರು, ಉಸಿರು ಸಾಲಲಿಲ್ಲ. ಫೋನನ್ನು ಕಿವಿಗೊತ್ತಿಕೊಂಡು ಮಗನ ಅಳುವನ್ನು ಕೇಳುತ್ತಾ ಕೂತರು. ನಾನು ಎರಡು ಸಲ ಕೇಳಿದರೂ ವಾಪಸ್ ಕೊಡಲಿಲ್ಲ.