ಅಪ್ಪನಿಗೆ ಬಂದ ವಾಗ್ದಾನ

ಬಂಗಾರಪೇಟೆ ರೈಲಿನಲ್ಲಿ ಬೈಬಲ್ ತೆರೆದಾಗ ಅಪ್ಪನ ಕಾರ್ಡು ಜಾರಿ ಪಕ್ಕದ ಅಜ್ಜಿಯ ಸೊಪ್ಪಿನ ಬುಟ್ಟಿಗೆ ಬಿತ್ತು.

“ಇದೇನಪ್ಪ?”

ಚರ್ಚಿನ ಹೊಸ ವರ್ಷದ ಆರಾಧನೆಯಲ್ಲಿ ತಟ್ಟೆಯಿಂದ ಒಬ್ಬೊಬ್ಬರೂ ಎತ್ತಿಕೊಳ್ಳುವ ವಾಗ್ದಾನ, ಬೈಬಲಿನ ಒಂದು ವಾಕ್ಯ, ಚಿನ್ನದ ಗಣಿ ಮುಚ್ಚಿದ ಮೇಲೆ ಅಪ್ಪನಿಗೆ ಬಂದದ್ದು ಅಂದೆ. ದೇವರು ಒಳ್ಳೇ ದಿನ ಕೊಡ್ತಾನೆ ಅಂತಿದೆ. ಅದನ್ನೇ ನಂಬಿ, ಗಣಿ ಮತ್ತೆ ತೆರೆಯುತ್ತೆ ಅಂತ ಗಣಿಯೂರು ಉರಿಗಾಂನಲ್ಲೇ ಕಾದು ಕಾದೇ ತೀರಿಕೊಂಡರು.

“ಅದ್ಕೂ ಮುಂಚೆ ಏನ್ ಬರ್ದೈತೆ?”

ಮನೆಯಲ್ಲಿ ದಿನಾ ಕಾರ್ಡು ಓದಿದ್ದೆವು, ಬೈಬಲಿನಲ್ಲಿ ಆ ವಾಕ್ಯವಿರುವ ಪುಟವನ್ನಲ್ಲ. ಈಗ ಅಜ್ಜಿಗೆ ಓದಿ ಹೇಳಿದೆ: ಸೆರೆಯಾಗಿ ದೂರ ಹೋದವರೇ, ಬೇಗ ಊರು ಸೇರುತ್ತೇವೆಂದು ಕಾಯಬೇಡಿ, ಇದ್ದಲ್ಲೇ ಮನೆ ಕಟ್ಟಿ, ತೋಟ ಮಾಡಿ.

“ನಿಮ್ಮಪ್ಪ ಒಂದ್ ನುಗ್ಗೆ ಕೊಂಬೆನಾದ್ರೂ ನೆಟ್ಟಿದ್ನಾ?”

ಇಲ್ಲ. ಗಣಿ ತೆರೆದರೆ ದೊಡ್ಡ ಕ್ವಾರ್ಟರ್ಸ್ ಸಿಗುತ್ತಲ್ಲ, ಅಲ್ಲೇ ನೆಟ್ಟರಾಯ್ತು ಅನ್ನುತ್ತಿದ್ದರು.

ಕಾರ್ಡು ಅಂಗೈಯಗಲ ಅಷ್ಟೇ ನೋಡಿ. ದೇವರು ಮುಂಚೆ ಹೇಳಿದ್ದಕ್ಕೆ ಅದರಲ್ಲಿ ಜಾಗವೇ ಇಲ್ಲ.