ಕೊರಳ ಹಿಂದಿನ ಚೀಟಿ

ಗಾನ್ ಯೂಲಾನ್ ಉಡುಪಿನ ಒಳಮಗ್ಗುಲನ್ನು ಹೊರಗೆ ತಿರುವಿ, ಹೊಲಿಗೆಯ ಸಾಲುಗಳ ಮೇಲೆ ಉಗುರು ಓಡಿಸುತ್ತಾಳೆ. ಬಗಲಲ್ಲಿ ಎರಡು, ಬೆನ್ನಿಗೆ ಅಡಗಿಸಿದ ಜಿಪ್, ಕೆಳಗೆ ಮಡಿಕೆಯಂಚು.

"ಇಪ್ಪತ್ತೈದು ನಿಮಿಷದ ಕೆಲಸ. ಇದಕ್ಕೆ ಆರು ಯುವಾನಾ? ಜಿಪ್ ಕೂರಿಸೋಕೆ ನಿಮ್ಮತ್ತೆ ಬರ್ತಾರಾ ಧಣಿ?"

ಸುತ್ತ ನಿಂತವರು ನಗುತ್ತಾರೆ. ಉಡುಪು ತಂದ ಪೆಂಗ್ ಕೂಡ ನಗುತ್ತಾನೆ. ಹನ್ನೆರಡು ಯಂತ್ರಗಳ ಪುಟ್ಟ ಕಾರ್ಖಾನೆ ಅವನದು. ಗುವಾಂಗ್‌ಝೌ ನಗರದ ಈ ಓಣಿಯಲ್ಲಿ ಬೆಳಕು ಹರಿಯುತ್ತಲೇ ಅಂಥ ಧಣಿಗಳು ಮಾದರಿ ಉಡುಪು ಹಿಡಿದು ಸಾಲಾಗಿ ನಿಲ್ಲುತ್ತಾರೆ. ಹೊಲಿಯುವವರು ಮುಟ್ಟಿ ನೋಡಿ ದರ ಕೇಳುತ್ತಾರೆ.

ಹುಬೇ ಪ್ರಾಂತ್ಯದ ಹಳ್ಳಿಯಿಂದ ಬಂದು ಮೂವತ್ತೊಂದು ವರ್ಷ ಯಂತ್ರಕ್ಕೆ ಬಗ್ಗಿದ ಗಾನ್‌ಳ ಕತ್ತು ಈಗ ಎಡಕ್ಕೆ ಪೂರ್ತಿ ತಿರುಗುವುದಿಲ್ಲ. ಕೆಲಸವಿದ್ದ ದಿನ ಇಪ್ಪತ್ತೆಂಟು ಉಡುಪು ಮುಗಿಸುತ್ತಾಳೆ. ನಾಲ್ಕು ದಿನದಿಂದ ಕೆಲಸವೇ ಇಲ್ಲ. ಇವತ್ತೂ ಸಿಗದಿದ್ದರೆ ಗಂಟುಮೂಟೆ ಕಟ್ಟಿ ಊರಿನ ರೈಲು ಹತ್ತಬೇಕು.

"ನಾನೇನು ಮಾಡ್ಲಿ ಗಾನ್ ಅಕ್ಕ, ಉಡುಪು ಕೊಳ್ಳೋ ಕಂಪನಿಯೋರೇ ದರ ಇಳಿಸಿದ್ದಾರೆ," ಅನ್ನುತ್ತಾನೆ ಪೆಂಗ್. ಅದು ಸುಳ್ಳಲ್ಲ. ಅಂಗುಲಕ್ಕೆ ಹನ್ನೆರಡು ಹೊಲಿಗೆ ಇವೆಯೋ ಇಲ್ಲವೋ ಎಂದು ಸಮುದ್ರದಾಚೆ ಕೂತು ಎಣಿಸಬಲ್ಲ ಕಂಪನಿಗೆ, ಆ ಹೊಲಿಗೆ ಹಾಕಿದವಳ ಕೈಗೆ ಬಿದ್ದದ್ದೆಷ್ಟು ಎಂಬುದು ಮಾತ್ರ ಕಾಣುವುದಿಲ್ಲ. ಕೇಳಿದರೆ, ಅವಳು ನಮ್ಮ ಕೆಲಸದವಳೇ ಅಲ್ಲ ಅನ್ನುತ್ತದೆ.

ಗಾನ್‌ಳ ಉಗುರು ಕೊರಳ ಹಿಂದೆ ಹೊಲಿದ ಚೀಟಿಗೆ ತಾಗಿ ನಿಲ್ಲುತ್ತದೆ. ಪರದೇಶದ ಅಕ್ಷರ. ಮೊಬೈಲ್ ಕ್ಯಾಮೆರಾ ಹಿಡಿದಾಗ ಅದು ಚೀನೀ ಭಾಷೆಗೆ ತಿರುಗುತ್ತದೆ: 'ನ್ಯಾಯವಾದ ಕೂಲಿ ಪಡೆದ ಕೈಗಳು ಹೊಲಿದದ್ದು.'

ಅವಳ ಮುಖದ ನಗು ಇಂಗುತ್ತದೆ.

ಆರು ವರ್ಷದ ಹಿಂದೆ, ದೊಡ್ಡ ಕಾರ್ಖಾನೆಯೊಂದರಲ್ಲಿ, ಇಂಥದೇ ಕಂಪನಿಯ ತಪಾಸಣೆಯವಳು ಗಾನ್‌ಳ ಪಕ್ಕ ಕೂತು ಸಂಬಳ ಎಷ್ಟೆಂದು ಕೇಳಿದ್ದಳು. ಮೇಲ್ವಿಚಾರಕ ಬಾಯಿಪಾಠ ಮಾಡಿಸಿದ್ದ ಅಂಕಿಯನ್ನು ಗಾನ್ ತಡವರಿಸದೆ ಒಪ್ಪಿಸಿದ್ದಳು. ಸಂಜೆ ಎಲ್ಲರಿಗೂ ಒಂದೊಂದು ಡಬ್ಬಿ ಅಡುಗೆ ಎಣ್ಣೆ ಸಿಕ್ಕಿತ್ತು.

ಅದನ್ನೆಲ್ಲ ಪೆಂಗ್‌ಗೆ ಹೇಳಿ, "ಆ ಎಣ್ಣೆಯಲ್ಲಿ ಎರಡು ತಿಂಗಳು ಒಗ್ಗರಣೆ ಹಾಕಿದೆ," ಅನ್ನುತ್ತಾಳೆ. "ಆ ಹುಡುಗಿ ನನ್ನ ಮಾತು ನಂಬಿ ಬರ್ಕೊಂಡು ಹೋದ್ಳು. ನಮ್ಮಿಬ್ಬರಲ್ಲಿ ನಿಜ ಗೊತ್ತಿದ್ದೋಳು ನಾನೊಬ್ಬಳೇ. ಅವತ್ತು ಬಾಯಲ್ಲಿ ಹೇಳಿದ್ದನ್ನ ಇವತ್ತು ಸೂಜೀಲಿ ಹೇಳ್ಬೇಕಾ?"

ಪೆಂಗ್ ದನಿ ತಗ್ಗಿಸುತ್ತಾನೆ. "ಯಾರು ಓದ್ತಾರಕ್ಕ ಅದನ್ನ?"

"ನಾನು ಓದಿದ್ನಲ್ಲ. ಉಡುಪು ಹೊಲೀತೀನಿ, ನಿಮ್ಮ ಆರಕ್ಕೇ. ಚೀಟಿ ಬಿಟ್ಟು."

"ಚೀಟಿ ಇಲ್ದಿದ್ರೆ ಅವರು ಸರಕೇ ಮುಟ್ಟಲ್ಲ. ತಗೊಳ್ಳಿ, ಚೀಟಿಗೆ ಅಂತ ಬೇರೆ ಒಂದು ಯುವಾನ್. ನನ್ನ ಪಾಲಿಂದ."

ಗಾನ್ ಉಡುಪನ್ನು ಮತ್ತೆ ಸರಿಮಗ್ಗುಲಿಗೆ ತಿರುವಿ, ತೋಳು ಕೊಡವಿ, ಅವನ ಕೈಗೆ ಹಾಕುತ್ತಾಳೆ.

"ಹೊಲಿಯಲ್ಲ."